ಗೇಮ್ ಆಡದೆ, ಬರೀ ನೋಡಿ ಅದರ ಕಥೆ ಚೆನ್ನಾಗಿಲ್ಲ ಅನ್ನಬಹುದಾ?

ಪ್ರಶ್ನೆ:

ನಮಸ್ಕಾರ ಮೇಡಂ. ನಾನು ದಾವಣಗೆರೆಯವಳು, ಬಿ.ಕಾಂ. ಕೊನೇ ವರ್ಷ. ಗೇಮ್‌ಗಳ ಕಥೆ ಅಂದ್ರೆ ನಂಗೆ ತುಂಬಾ ಇಷ್ಟ, ಆದ್ರೆ ಆಡಿದ್ದು ಕಡಿಮೆ. ಮನೆಯಲ್ಲಿರೋದು ನನ್ನ ಫೋನು, ಅಪ್ಪನ ಅಂಗಡಿ ಲೆಕ್ಕಕ್ಕೆ ತಗೊಂಡಿರೋ ಹಳೇ ಲ್ಯಾಪ್‌ಟಾಪು ಅಷ್ಟೇ. ಹಾಗಾಗಿ ಎಲ್ಲಾ ಯೂಟ್ಯೂಬಲ್ಲೇ ನೋಡ್ತೀನಿ. ಈ ಸಲ ಕಾಲೇಜ್ ಮ್ಯಾಗಜಿನ್‌ಗೆ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಬಗ್ಗೆ ಬರೆದೆ. ಕಥೆ ಚೆನ್ನಾಗಿ ಶುರುವಾಗಿ ಮಧ್ಯದಲ್ಲಿ ಎಳೆದಾಡುತ್ತೆ, ಆ್ಯಬಿಯ ಭಾಗ ಬೇಕೇ ಇರಲಿಲ್ಲ, ಎಲ್ಲೀ ಕೊನೆಯಲ್ಲಿ ಆ್ಯಬಿಯನ್ನ ಬಿಟ್ಟುಬಿಡೋದು ನಂಬೋ ಹಾಗಿಲ್ಲ ಅಂತ. ನಮ್ಮ ದೊಡ್ಡಪ್ಪನ ಮಗ ಅದನ್ನ ಓದಿ ಎಲ್ಲರ ಮುಂದೆ ನಕ್ಕ. "ಆಡೇ ಇಲ್ಲ, ನಿಂಗೇನ್ ಗೊತ್ತು? ಆಡದೇ ಇರೋರು ಗೇಮ್ ಬಗ್ಗೆ ಮಾತಾಡಬಾರದು" ಅಂದ. ನಾನು ಆರು ಗಂಟೆಯ 'ಫುಲ್ ಮೂವಿ' ವಿಡಿಯೊ ಪೂರ್ತಿ ನೋಡಿದೀನಿ ಮೇಡಂ, ಒಂದು ಡೈಲಾಗೂ ಬಿಟ್ಟಿಲ್ಲ. ಅಣ್ಣ ಹೇಳೋದು ಸರೀನಾ? ಲೇಖನ ವಾಪಸ್ ತಗೊಳ್ಲಾ?

ಉತ್ತರ:

ವಾಪಸ್ ತಗೊಳ್ಳಬೇಡಿ. ಆದರೆ ನೀವು ಬರೆದ ಮೂರು ಮಾತುಗಳಲ್ಲಿ ಒಂದನ್ನು ತಿದ್ದಬೇಕು, ಒಂದನ್ನು ಮತ್ತೆ ಯೋಚಿಸಬೇಕು. ಮೂರನೆಯದು ಹಾಗೇ ಇರಲಿ. ಯಾವುದು, ಯಾಕೆ ಅಂತ ಹೇಳುತ್ತೇನೆ. ಈ ಗೇಮಿನ ಗುಟ್ಟೆಲ್ಲ ಮುಂದೆ ಬಯಲಾಗುತ್ತದೆ. ಆಡಬೇಕು ಅಂತ ಇಟ್ಟುಕೊಂಡಿರುವ ಬೇರೆ ಓದುಗರು ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯದು.

ಗೇಮ್‌ಗಳಿಗೆ ಕಥೆ, ಮಾತು ಬರೆಯುವುದು ನನ್ನ ಕೆಲಸ. ಬರೆದದ್ದನ್ನು ಜನರಿಂದ ಆಡಿಸಿ, ಎಲ್ಲಿ ಮುಟ್ಟಿತು, ಎಲ್ಲಿ ಮುಟ್ಟಲಿಲ್ಲ ಅಂತ ನೋಡುವುದೂ ಅದರಲ್ಲೇ ಸೇರಿದೆ. ನಿಮ್ಮ ಮತ್ತು ಅಣ್ಣನ ಜಗಳ ನಮ್ಮ ಆಫೀಸಲ್ಲೂ ಆಗಾಗ ನಡೆಯುತ್ತದೆ, ಇಷ್ಟೇ ಜೋರಾಗಿ.

ಮೊದಲು ಅಣ್ಣನ ಮಾತು. 'ಆಡದವರು ಮಾತಾಡಬಾರದು' ಅನ್ನುವುದನ್ನು ನಾನು ಒಪ್ಪುವುದಿಲ್ಲ. ಯಾರು ಯಾರನ್ನು ಕೊಂದರು, ಯಾಕೆ ಕೊಂದರು, ಮಾತು ಸಹಜವಾಗಿದೆಯಾ, ನಟನೆ ಹೇಗಿದೆ, ಒಂದು ಪಾತ್ರ ಮೊದಲು ಹೇಳಿದ್ದಕ್ಕೂ ಆಮೇಲೆ ಮಾಡಿದ್ದಕ್ಕೂ ತಾಳೆ ಆಗುತ್ತದಾ. ಇದೆಲ್ಲ ನೋಡಿದವರಿಗೂ ಕಾಣುತ್ತದೆ. ಕೆಲವು ಸಲ ನೋಡಿದವರಿಗೇ ಜಾಸ್ತಿ ಕಾಣುತ್ತದೆ. ಆಡುವವರ ತಲೆಯಲ್ಲಿ ಗುಂಡು ಎಷ್ಟು ಉಳಿದಿದೆ, ಬಾಗಿಲು ಎಲ್ಲಿದೆ ಅನ್ನುವ ಲೆಕ್ಕ ಓಡುತ್ತಿರುತ್ತದೆ. ಕಟ್‌ಸೀನ್, ಅಂದರೆ ಸಿನಿಮಾದಂತೆ ತಾನೇ ಓಡುವ ದೃಶ್ಯ, ಬಂದ ತಕ್ಷಣ ಕಂಟ್ರೋಲರ್ ಕೆಳಗಿಟ್ಟು ಫೋನ್ ಕೈಗೆ ತಗೊಳ್ಳುವವರನ್ನು ನಾನು ದಂಡಿಯಾಗಿ ನೋಡಿದ್ದೇನೆ. ಸ್ಕಿಪ್ ಬಟನ್ ಒತ್ತಿ, ಮುಗಿದ ಮೇಲೆ 'ಕಥೆ ಅರ್ಥ ಆಗಲಿಲ್ಲ' ಅನ್ನುವವರೂ ಇದ್ದಾರೆ. ಶನಿವಾರ ಒಂದಿಷ್ಟು, ಮತ್ತೆ ಮುಂದಿನ ತಿಂಗಳು ಒಂದಿಷ್ಟು ಅಂತ ಆಡಿ, ನಡುವೆ ಏನಾಗಿತ್ತು ಅನ್ನುವುದನ್ನೇ ಮರೆಯುವವರಿಗೆ ಲೆಕ್ಕವಿಲ್ಲ.

ಇನ್ನೂ ಒಂದಿದೆ. ಸಾವಿರಾರು ರೂಪಾಯಿ ಕೊಟ್ಟು ತಗೊಂಡ ಗೇಮನ್ನು ಯಾರೂ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ನಿಮ್ಮ ಅಣ್ಣ ನಕ್ಕಿದ್ದರಲ್ಲಿ ಆ ದುಡ್ಡಿನ ಪಾಲೂ ಸ್ವಲ್ಪ ಇರಬಹುದು.

ಆಡಿದವರೆಲ್ಲ ಒಂದೇ ಮಾತು ಹೇಳುತ್ತಾರೆ ಅನ್ನುವುದೂ ಸುಳ್ಳು. ಪಾರ್ಟ್ 2 ಬಂದಿದ್ದು 2020ರ ಜೂನ್‌ನಲ್ಲಿ. ಅದಕ್ಕೂ ಮುಂಚೆಯೇ ಏಪ್ರಿಲ್‌ನಲ್ಲಿ ಅದರ ಒಂದಷ್ಟು ವಿಡಿಯೊ ಸೋರಿಕೆಯಾಗಿ, ಆಡುವುದಿರಲಿ, ಪೂರ್ತಿ ನೋಡದವರೂ ತೀರ್ಪು ಕೊಟ್ಟಾಗಿತ್ತು. ಅದು ತಪ್ಪು, ನಿಜ. ಆದರೆ ಗೇಮ್ ಬಂದ ಮೇಲೆ ಪೂರ್ತಿ ಆಡಿದವರೂ ಎರಡು ಗುಂಪಾದರು. ಕೆಲವರಿಗೆ ಅದು ಈವರೆಗೆ ಆಡಿದ್ದರಲ್ಲೇ ಒಳ್ಳೆಯ ಕಥೆ, ಕೆಲವರಿಗೆ ಕೆಟ್ಟ ಕಥೆ. ಆಡಿದರೆ ಜಗಳ ಮುಗಿಯುತ್ತದೆ ಅನ್ನುವ ಹಾಗಿದ್ದರೆ ಆಗಲೇ ಮುಗಿಯಬೇಕಿತ್ತು.

ಇನ್ನು ನಿಮ್ಮ ಮಾತಿಗೆ ಬರುತ್ತೇನೆ. 'ಒಂದು ಡೈಲಾಗೂ ಬಿಟ್ಟಿಲ್ಲ' ಅಂದಿರಿ. ನಂಬುತ್ತೇನೆ. ಆದರೆ ನೀವು ನೋಡಿದ್ದು ಆರು ಗಂಟೆ. ಈ ಗೇಮನ್ನು ಒಬ್ಬ ಸಾಮಾನ್ಯ ಆಟಗಾರ ಮುಗಿಸಲು ಸುಮಾರು 25 ಗಂಟೆ ಬೇಕು. ಉಳಿದ ಹತ್ತೊಂಬತ್ತು ಗಂಟೆ ಎಲ್ಲಿ ಹೋಯಿತು? 'ಫುಲ್ ಮೂವಿ' ಮಾಡುವವರು ಅದನ್ನು ಬರೀ ಓಡಾಟ, ಹೊಡೆದಾಟ ಅಂತ ಕತ್ತರಿಸಿರುತ್ತಾರೆ. ಆ ಕತ್ತರಿಸಿದ ಜಾಗದಲ್ಲಿ ಏನಿತ್ತು ಅಂತ ಸ್ವಲ್ಪ ನೋಡೋಣ.

ಕಥೆ ಗೊತ್ತಿಲ್ಲದವರಿಗೆ ಒಂದು ಮಾತು: ಎಲ್ಲೀಗೆ ತಂದೆಯಂತಿದ್ದ ಜೋಯೆಲ್‌ನನ್ನು ಆ್ಯಬಿ ಕೊಲ್ಲುತ್ತಾಳೆ, ಸೇಡು ತೀರಿಸಿಕೊಳ್ಳಲು ಎಲ್ಲೀ ಅವಳನ್ನು ಹುಡುಕಿಕೊಂಡು ಸಿಯಾಟಲ್ ನಗರಕ್ಕೆ ಹೋಗುತ್ತಾಳೆ. ಅಲ್ಲಿ ಎಲ್ಲೀ ಹುಲ್ಲಿನಲ್ಲಿ ಬಗ್ಗಿ ಕೂತಿದ್ದಾಳೆ. ಮುಂದೆ ಒಬ್ಬ ಕಾವಲಿನವನು ಓಡಾಡುತ್ತಿದ್ದಾನೆ. ನೀವು ಹಿಂದಿನಿಂದ ಹೋಗಿ ಅವನನ್ನು ಮುಗಿಸುತ್ತೀರಿ. ಆ ಕಡೆಯಿಂದ ಅವನ ಜೊತೆಯವಳು ಹೆಣ ನೋಡಿ ಅವನ ಹೆಸರು ಹಿಡಿದು ಕಿರುಚುತ್ತಾಳೆ. ಹೆಚ್ಚಿನ ಗೇಮ್‌ಗಳಲ್ಲಿ 'ಯಾರೋ ಇದ್ದಾರೆ, ಹುಡುಕಿ' ಅಷ್ಟೇ ಕೇಳಿಸುವುದು. ಇಲ್ಲಿ ಪ್ರತಿಯೊಬ್ಬನಿಗೂ ಒಂದು ಹೆಸರಿದೆ, ನಾಯಿಗಳಿಗೂ ಇದೆ. ಒಂದು ಕಡೆ ಆಲಿಸ್ ಅನ್ನುವ ನಾಯಿಯನ್ನು ಎಲ್ಲೀ ಕೊಲ್ಲುತ್ತಾಳೆ, ಅದಕ್ಕೆ ಬಟನ್ ಒತ್ತುವುದು ನೀವು. ಆಮೇಲೆ ಕಥೆ ಹಿಂದಕ್ಕೆ ಹೋಗಿ ನೀವು ಆ್ಯಬಿಯಾಗಿ ಆಡುವಾಗ, ಅದೇ ಆಲಿಸ್‌ಗೆ ಚೆಂಡು ಎಸೆಯುತ್ತೀರಿ. ಅದು ಬಾಲ ಅಲ್ಲಾಡಿಸಿಕೊಂಡು ತಂದುಕೊಡುತ್ತದೆ. ವಿಡಿಯೊದಲ್ಲಿ ಇದು ಎರಡು ಸಣ್ಣ ದೃಶ್ಯ. ಮೊದಲನೆಯದು ಹೊಡೆದಾಟ ಅಂತ ಎಡಿಟಿಂಗ್‌ನಲ್ಲಿ ಹಾರಿಹೋಗಿದ್ದರೆ, ಎರಡನೆಯದು ಸುಮ್ನೆ ಒಂದು ನಾಯಿಯ ಆಟ. 'ಇದ್ಯಾಕಪ್ಪ ಇಲ್ಲಿ?' ಅನಿಸಿದರೆ ನಿಮ್ಮ ತಪ್ಪಿಲ್ಲ.

ನಮ್ಮ ಕಡೆಯ ಒಂದು ಕಥೆ ತಗೊಂಡರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಗೇಮ್ ಬರವಣಿಗೆ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಕೊಡುವ ಕೆಲಸ ಚಿತ್ರದುರ್ಗದ ಓಬವ್ವನ ಕಿಂಡಿ. ಕಥೆ ನಿಮಗೆ ಹೇಳಬೇಕಾಗಿಲ್ಲ. ಗಂಡ ಊಟಕ್ಕೆ ಕೂತಿದ್ದಾನೆ, ಓಬವ್ವ ನೀರಿಗೆ ಹೋಗಿದ್ದಾಳೆ, ಹೈದರಾಲಿಯ ಸೈನಿಕರು ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳುತ್ತಿದ್ದಾರೆ, ಒನಕೆ. ದಾವಣಗೆರೆ, ಚಿತ್ರದುರ್ಗದಲ್ಲಿ ಇದನ್ನು ಕೇಳದೆ ದೊಡ್ಡವರಾದವರು ಯಾರಿದ್ದಾರೆ? ಹಾಗಾಗಿ 'ಮುಂದೇನಾಯಿತು' ಅನ್ನುವ ಕುತೂಹಲ ಇಲ್ಲಿ ಸೊನ್ನೆ. ಅದಕ್ಕೇ ಈ ಕಥೆ ಕೊಡುವುದು.

ಹೆಚ್ಚಿನವರು ಮೊದಲು ಕಟ್‌ಸೀನ್ ಬರೆದು ತರುತ್ತಾರೆ. ಎರಡು ಮೂರು ನಿಮಿಷ, ಹಿಂದೆ ನಗಾರಿ, ಕೆಂಪು ಬೆಳಕು, ಕೊನೆಯಲ್ಲಿ ರಾಶಿ ಬಿದ್ದ ಹೆಣ. ಚೆನ್ನಾಗಿಯೇ ಇರುತ್ತದೆ. ಆಮೇಲೆ ನಾನು ಹೇಳುವುದು, ಈಗ ಆಡುವವರ ಕೈಗೆ ಕೊಡಿ ಅಂತ. ಆಗ ಒಂದೊಂದೇ ಪ್ರಶ್ನೆ ಏಳುತ್ತದೆ. ತಲೆ ಕಂಡ ತಕ್ಷಣ ಹೊಡೆದರೆ? ಅವನು ಹಿಂದಕ್ಕೆ ಸರಿದು ಉಳಿದವರಿಗೆ ಕೂಗಿ ಹೇಳುತ್ತಾನೆ. ತಡ ಮಾಡಿದರೆ? ಭುಜ ಹೊರಗೆ ಬಂತು, ಇನ್ನು ಅವನನ್ನು ತಡೆಯಲು ಆಗುವುದಿಲ್ಲ. ಸರಿ, ಹೊಡೆದಾಯಿತು. ಹೆಣ ಅಲ್ಲೇ ಬಿಟ್ಟರೆ ಮುಂದಿನವನು ನೋಡುತ್ತಾನೆ, ಹಾಗಾಗಿ ಪಕ್ಕಕ್ಕೆ ಎಳೆಯಬೇಕು. ಎಳೆಯಲು ಬಟನ್ ಒತ್ತಿ ಹಿಡಿಯಬೇಕು. ಮೊದಲನೆಯವನಿಗೆ ಸ್ವಲ್ಪ ಹೊತ್ತು ಸಾಕು. ಆರನೆಯವನಿಗೆ ಜಾಸ್ತಿ ಹೊತ್ತು. ಹತ್ತನೆಯವನ ಹೊತ್ತಿಗೆ ಓಬವ್ವನ ಕೈ ಸೋತಿದೆ, ನಿಮ್ಮ ಹೆಬ್ಬೆರಳೂ ಸೋತಿದೆ, ಅಷ್ಟರಲ್ಲಿ ಕಿಂಡಿಯಲ್ಲಿ ಮತ್ತೊಂದು ತಲೆ. ಎಷ್ಟು ಜನ ಬಾಕಿ ಅಂತ ಪರದೆಯ ಮೇಲೆ ಎಲ್ಲೂ ಬರೆದಿರುವುದಿಲ್ಲ. ಓಬವ್ವನಿಗೂ ಗೊತ್ತಿರಲಿಲ್ಲ ಅಲ್ವಾ?

ಕಥೆಯಲ್ಲಿ ಒಂದಕ್ಷರ ಬದಲಾಗಲಿಲ್ಲ. ಆದರೂ ಕಟ್‌ಸೀನ್ ನೋಡಿದವರಿಗೆ ಸಿಗುವುದು ಧೈರ್ಯದ ಕಥೆ. ಆಡಿದವರಿಗೆ ಸಿಗುವುದು ದಣಿವಿನ ಕಥೆ ಕೂಡ. ಒಬ್ಬ ಹೆಂಗಸು ಮನೆಯಲ್ಲಿ ದಿನಾ ಮಾಡುವ ಕೆಲಸದ ತೋಳಲ್ಲೇ ಕೋಟೆಯನ್ನು ಹಿಡಿದು ನಿಲ್ಲಿಸಿದಳು ಅನ್ನುವುದು ಅವರಿಗೆ ತೋಳಿನಲ್ಲೇ ಗೊತ್ತಾಗುತ್ತದೆ. ಈಗ ಅದೇ ಆಟವನ್ನು ಯಾರೋ ಆಡಿ ಯೂಟ್ಯೂಬಿಗೆ ಹಾಕಿದರು ಅಂದುಕೊಳ್ಳಿ. ನೋಡುವವರು ಏನು ಮಾಡುತ್ತಾರೆ? ಮೂರನೆಯ ಸೈನಿಕನ ಹೊತ್ತಿಗೆ 'ಅದೇ ಅದೇ' ಅಂತ ಹತ್ತು ಸೆಕೆಂಡ್ ಮುಂದೆ ಓಡಿಸುತ್ತಾರೆ. ಕಾಮೆಂಟಲ್ಲಿ 'ಎಳೆದಾಡಿದ್ದಾರೆ' ಅಂತ ಬರೆಯುತ್ತಾರೆ.

ನೀವು ತಿದ್ದಬೇಕಾದ ಮಾತು ಇದೇ. 'ಮಧ್ಯದಲ್ಲಿ ಎಳೆದಾಡುತ್ತೆ.' ಕಥೆಯ ಓಟ ಹೇಗಿದೆ ಅನ್ನುವುದನ್ನು, ಬೇರೆ ಯಾರೋ ತನಗೆ ತೋಚಿದಂತೆ ಕತ್ತರಿಸಿ ಜೋಡಿಸಿದ ವಿಡಿಯೊ ನೋಡಿ ಹೇಳಲು ಬರುವುದಿಲ್ಲ. ನೀವು ತೂಗಿದ್ದು ಎಡಿಟ್ ಮಾಡಿದವನ ಓಟವನ್ನು. ತಮಾಷೆ ಏನೆಂದರೆ, ನಿಮ್ಮ ಅಭಿಪ್ರಾಯ ಸರಿ ಇರಲೂಬಹುದು. ಆಡಿದವರಲ್ಲೇ ಎಷ್ಟೋ ಜನ ಈ ಗೇಮ್ ಉದ್ದವಾಯಿತು ಅಂದಿದ್ದಾರೆ. ನನಗೂ ಸಿಯಾಟಲ್‌ನ ಕೆಲವು ಕಡೆ ಹಾಗೇ ಅನಿಸಿತ್ತು. ಆದರೆ ಅಭಿಪ್ರಾಯ ಸರಿ ಇರುವುದು ಬೇರೆ, ಅದಕ್ಕೆ ನಿಮ್ಮ ಹತ್ತಿರ ಆಧಾರ ಇರುವುದು ಬೇರೆ.

ಮತ್ತೆ ಯೋಚಿಸಬೇಕಾದದ್ದು ಆ್ಯಬಿಯ ಭಾಗ. ವಿಡಿಯೊದಲ್ಲಿ ನೋಡಿದರೆ ಅದು ಎಲ್ಲೀ ಸಿಯಾಟಲ್‌ನಲ್ಲಿ ಕಳೆದ ಅದೇ ಮೂರು ದಿನವನ್ನು ಇನ್ನೊಬ್ಬಳ ಕಣ್ಣಿಂದ ತೋರಿಸುವುದು. ಸಿನಿಮಾದಲ್ಲಿ ಬೇಕಾದಷ್ಟು ನೋಡಿದ್ದೇವೆ, ಹೊಸದಲ್ಲ. ಆದರೆ ಆಡುವಾಗ ಆಗುವುದೇ ಬೇರೆ. ಎಲ್ಲೀಗಾಗಿ ನೀವು ಗಂಟೆಗಟ್ಟಲೆ ಸಾಮಾನು ಹೆಕ್ಕಿ, ಬಂದೂಕು ಸುಧಾರಿಸಿ, ಹೊಸ ಪಟ್ಟು ಕಲಿತಿರುತ್ತೀರಿ. ಥಿಯೇಟರ್‌ನಲ್ಲಿ ಇಬ್ಬರೂ ಎದುರಾಗುತ್ತಾರೆ, ಇನ್ನೇನು ಅನ್ನುವಾಗ ಗೇಮ್ ಅದನ್ನೆಲ್ಲ ಕೈಯಿಂದ ಕಿತ್ತುಕೊಂಡು, ನೀವು ದ್ವೇಷಿಸುವ ಹೆಂಗಸನ್ನು ಕೊಟ್ಟು 'ಮೊದಲಿಂದ ಶುರು ಮಾಡು' ಅನ್ನುತ್ತದೆ. ಸಿಟ್ಟು ಬರುತ್ತದೆ. ಬರಲಿ ಅಂತಲೇ ಮಾಡಿದ್ದು. ಆ ಸಿಟ್ಟಿನಲ್ಲೇ ನೀವು ಆ್ಯಬಿಗೂ ಸಾಮಾನು ಹೆಕ್ಕುತ್ತೀರಿ, ಅವಳನ್ನೂ ಸಾಯದಂತೆ ನೋಡಿಕೊಳ್ಳುತ್ತೀರಿ. ಬೇರೆ ದಾರಿಯೇ ಇಲ್ಲ. ತಿರುಗಿ ಥಿಯೇಟರ್‌ಗೆ ಬರುವ ಹೊತ್ತಿಗೆ ಆ್ಯಬಿ ನಿಮ್ಮ ಕೈಯಲ್ಲಿ, ಎಲ್ಲೀ ನಿಮ್ಮ ಎದುರಾಳಿ. ನೀವು ಇಷ್ಟು ಹೊತ್ತು ಆಡಿದ ಅದೇ ಹೊಂಚಿನ ಆಟವನ್ನು ಅವಳು ನಿಮ್ಮ ಮೇಲೆ ಆಡುತ್ತಾಳೆ. ಹೊಡೆಯಲು ಬೆರಳು ಒಪ್ಪದೆ ಆಟ ನಿಲ್ಲಿಸಿ ಎದ್ದುಹೋದವರು ನನಗೆ ಗೊತ್ತು.

ಇದು ಗೆದ್ದಿತಾ, ಸೋತಿತಾ ಅನ್ನುವುದು ಚರ್ಚೆಯ ವಿಷಯ. ಕೆಲವರಿಗೆ ಆ ಸಿಟ್ಟು ಇಳಿಯಲೇ ಇಲ್ಲ. ಆದರೆ 'ಬೇಕೇ ಇರಲಿಲ್ಲ' ಅನ್ನಬೇಕಾದರೆ ಅದು ಏನು ಮಾಡಲು ಹೊರಟಿತ್ತು ಅನ್ನುವುದು ತಿಳಿದಿರಬೇಕು. ಬರೀ ನೋಡಿದವರಿಗೆ ಆ ಕಡೆ ಕಣ್ಣು ಹೋಗುವುದು ಕಷ್ಟ.

ಮೂರನೆಯದು ಎಲ್ಲೀಯ ಕೊನೇ ತೀರ್ಮಾನ. ಇದನ್ನು ಹಾಗೇ ಬಿಡಿ. ನೀರಿನಲ್ಲಿ ನಡೆಯುವ ಆ ಕೊನೆಯ ಜಗಳದಲ್ಲಿ ಹೊಡೆತಕ್ಕೆಲ್ಲ ಬಟನ್ ಒತ್ತುವುದು ನೀವೇ. ಬಿಟ್ಟುಬಿಡುವುದಕ್ಕೆ ಮಾತ್ರ ಬಟನ್ ಇಲ್ಲ, ಅದು ಎಲ್ಲೀಯ ತೀರ್ಮಾನ. ಆಡಿದವರೂ ಆ ಹೊತ್ತಿಗೆ ನಿಮ್ಮ ಹಾಗೆ ನೋಡುಗರೇ. ಒಂದು ಪಾತ್ರ ಹೀಗೆ ಮಾಡುತ್ತದಾ ಅಂತ ಕೇಳುವ ಹಕ್ಕು ಇಬ್ಬರಿಗೂ ಸಮ. ನಿಮ್ಮ ಅಣ್ಣ ಇಲ್ಲಿ ನಕ್ಕಿದ್ದರೆ, ನಗಲಿ ಬಿಡಿ.

ಅದರ ಮುಂದಿನ ದೃಶ್ಯ ಮಾತ್ರ ಬೇರೆ. ಎಲ್ಲೀ ಖಾಲಿ ಮನೆಗೆ ವಾಪಸ್ ಬಂದು ಗಿಟಾರ್ ತೆಗೆದುಕೊಳ್ಳುತ್ತಾಳೆ. ಗೇಮಿನಲ್ಲಿ ಇದಕ್ಕೆ ಮುಂಚೆಯೂ ಗಿಟಾರ್ ಬಂದಿದೆ. ಪ್ಲೇಸ್ಟೇಷನ್ ಕಂಟ್ರೋಲರ್ ನಡುವೆ ಒಂದು ಟಚ್‌ಪ್ಯಾಡ್ ಇರುತ್ತದೆ, ಅದರ ಮೇಲೆ ಬೆರಳು ಎಳೆದರೆ ತಂತಿ ಮೀಟಿದ ಹಾಗೆ. ಆಗೆಲ್ಲ ಸ್ವರ ಸರಿಯಾಗಿ ಬಂದಿರುತ್ತದೆ. ಈಗ ಎಲ್ಲೀಯ ಎಡಗೈಯಲ್ಲಿ ಎರಡು ಬೆರಳಿಲ್ಲ, ಆ ಜಗಳದಲ್ಲಿ ಹೋದವು. ನೀವು ಹಿಂದೆ ಮೀಟಿದ ಹಾಗೇ ಮೀಟುತ್ತೀರಿ, ಸ್ವರ ಒಡೆಯುತ್ತದೆ. ಇನ್ನೊಂದು ಸಲ ಮೀಟಿದರೂ ಅಷ್ಟೇ. ಒಂದು ಕ್ಷಣ 'ನಾನೇ ತಪ್ಪು ಒತ್ತಿದೆನಾ?' ಅನಿಸುತ್ತದೆ. ವಿಡಿಯೊದಲ್ಲಿ ಅವಳ ಬೆರಳು ಹೋಗಿದ್ದು ಕಾಣುತ್ತದೆ, ಅಪಸ್ವರ ಕೇಳುತ್ತದೆ, ಅರ್ಥವೂ ಆಗುತ್ತದೆ. ಆ ಒಂದು ಕ್ಷಣದ ಅನುಮಾನ ಮಾತ್ರ ಬರುವುದಿಲ್ಲ.

ಹಾಗಂತ ಎಲ್ಲಾ ಗೇಮೂ ಹೀಗಲ್ಲ. ಗೇಮ್ ತನ್ನ ಕಥೆಯನ್ನು ಎಲ್ಲಿಟ್ಟಿದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. 2008ರ 'ಮೆಟಲ್ ಗೇರ್ ಸಾಲಿಡ್ 4' ನೋಡಿ, ಅದರ ಕೊನೆಯ ಕಟ್‌ಸೀನ್‌ಗಳೇ ಸೇರಿ ಒಂದು ಗಂಟೆ ದಾಟುತ್ತವೆ. ಆ ಗೇಮಿನ ಬಹುಪಾಲು ಕಥೆಯನ್ನು ಸೋಫಾದ ಮೇಲೆ ಕೂತು ನೋಡಿ ಧೈರ್ಯವಾಗಿ ಬರೆಯಬಹುದು.

ಇನ್ನೊಂದು ತುದಿಯಲ್ಲಿ 2013ರ 'ಪೇಪರ್ಸ್, ಪ್ಲೀಸ್' ಇದೆ. ಲೂಕಸ್ ಪೋಪ್ ಅನ್ನುವವರು ಮಾಡಿದ್ದು. ನೀವು ಗಡಿ ಚೌಕಿಯ ಒಬ್ಬ ಗುಮಾಸ್ತ. ಬಂದವರ ಪಾಸ್‌ಪೋರ್ಟ್ ನೋಡಿ ಹಸಿರು ಮುದ್ರೆ ಒತ್ತಬೇಕು, ಇಲ್ಲ ಕೆಂಪು. ಎಷ್ಟು ಜನರನ್ನು ಸರಿಯಾಗಿ ಮುಗಿಸುತ್ತೀರೋ ಅಷ್ಟು ಸಂಬಳ. ಸಂಜೆ ಆ ದುಡ್ಡಲ್ಲಿ ಬಾಡಿಗೆ, ಊಟ, ಚಳಿಗೆ ಹೀಟರ್, ಕಾಯಿಲೆ ಬಿದ್ದವರಿಗೆ ಔಷಧ. ಒಂದು ದಿನ ಒಬ್ಬ ಗಂಡಸು ಬರುತ್ತಾನೆ, ಕಾಗದ ಎಲ್ಲಾ ಸರಿ. ಹೋಗುತ್ತಾ 'ಹಿಂದೆ ನನ್ನ ಹೆಂಡತಿ ಇದ್ದಾಳೆ, ಸ್ವಲ್ಪ ನೋಡಿಕೊಳ್ಳಿ' ಅನ್ನುತ್ತಾನೆ. ಅವಳ ಹತ್ತಿರ ಪ್ರವೇಶದ ಚೀಟಿ ಇಲ್ಲ.

ವಿಡಿಯೊ ನೋಡುವ ನೀವೂ ನಾನೂ ಏನನ್ನುತ್ತೇವೆ? 'ಪಾಪ, ಬಿಟ್ಟುಬಿಡಯ್ಯಾ.' ಆಡುವಾಗ ಲೆಕ್ಕ ಬೇರೆ. ಒಂದು ದಿನಕ್ಕೆ ಎರಡು ತಪ್ಪಿಗೆ ಬರೀ ಎಚ್ಚರಿಕೆ, ಮೂರನೆಯದಕ್ಕೆ ದಂಡ. ಆ ಎರಡನ್ನೂ ಬೆಳಗ್ಗೆಯೇ ನಿಮ್ಮ ಅವಸರದಲ್ಲಿ ಕಳೆದುಕೊಂಡಿದ್ದರೆ? ಮನೆಯಲ್ಲಿ ಮಗ ಹಸಿದಿದ್ದರೆ? ನಾನು ಆಡಿಸಿದವರಲ್ಲಿ ಮೆದು ಮನಸ್ಸಿನವರು ಅನ್ನಿಸಿಕೊಂಡವರೂ ಕೆಂಪು ಮುದ್ರೆ ಒತ್ತಿದ್ದನ್ನು ನೋಡಿದ್ದೇನೆ. ಒತ್ತಿದ ಮೇಲೆ ಆ ಹೆಂಗಸು ಏನಂದಳು ಅಂತ ಓದಲೂ ಇಲ್ಲ, ಮುಂದಿನವರನ್ನು ಕರೆದರು. ಸಾಲು ದೊಡ್ಡದಿತ್ತು. ಸರ್ಕಾರಿ ಕಚೇರಿಯ ಕಿಟಕಿಯ ಹೊರಗೆ ನಿಂತೇ ಅಭ್ಯಾಸವಾದ ನಮಗೆ ಒಳಗೆ ಕೂತವನ ಕೈ ಹೇಗೆ ಕಲ್ಲಾಗುತ್ತದೆ ಅಂತ ಈ ಗೇಮ್ ಹೇಳುತ್ತದೆ. ಅದು ಹೇಳುವುದು ನೀವೇ ಕಲ್ಲಾದಾಗ. ಬೇರೆಯವನು ಆಡುವುದನ್ನು ನೋಡಿದರೆ ಅವನು ಕೆಟ್ಟವನ ಹಾಗೆ ಕಾಣುತ್ತಾನೆ, ಅಷ್ಟೇ.

'ಔಟರ್ ವೈಲ್ಡ್ಸ್' ಅಂತ ಇನ್ನೊಂದಿದೆ, 2019ರದ್ದು. 22 ನಿಮಿಷಕ್ಕೊಮ್ಮೆ ಲೋಕ ಮುಗಿದು ಮತ್ತೆ ಶುರುವಾಗುತ್ತದೆ, ನೀವು ಸುಳಿವು ಹುಡುಕಬೇಕು. ಅದನ್ನು ದಯವಿಟ್ಟು ನೋಡಬೇಡಿ. ಒಮ್ಮೆ ಗೊತ್ತಾದರೆ ಆಡಲು ಏನೂ ಉಳಿಯುವುದಿಲ್ಲ.

'ಹಾಗಾದರೆ ಟಿವಿ ಸೀರೀಸ್ ಹೇಗೆ ಗೆದ್ದಿತು?' ಅಂತ ನೀವು ಕೇಳಬಹುದು. ನಮ್ಮ ಆಫೀಸಿನ ಹುಡುಗರೂ ಇದನ್ನೇ ಕೇಳುತ್ತಾರೆ. 'ದಿ ಲಾಸ್ಟ್ ಆಫ್ ಅಸ್' 2023ರಲ್ಲಿ ಎಚ್‌ಬಿಒ ಚಾನೆಲ್‌ನಲ್ಲಿ ಸೀರೀಸ್ ಆಗಿ ಬಂತು, ಜನ ಮೆಚ್ಚಿದರು. ಬರೀ ನೋಡಿದರೂ ಕಥೆ ನಿಲ್ಲುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ ಅಂತ ವಾದ. ಆದರೆ ಅವರು ಮಾಡಿದ್ದೇನು ನೋಡಿ. ಮೊದಲ ಗೇಮಿನಲ್ಲಿ ಬಿಲ್ ಅನ್ನುವವನ ಊರಲ್ಲಿ ನೀವು ಹೆಚ್ಚು ಹೊತ್ತು ಮಾಡುವುದು ನುಸುಳುವುದು, ಓಡುವುದು, ಹೊಡೆಯುವುದು. ಅವನ ಗೆಳೆಯ ಫ್ರ್ಯಾಂಕ್ ಸಿಗುವುದೇ ಹೆಣವಾಗಿ. ಸೀರೀಸ್‌ನ ಮೂರನೆಯ ಕಂತಿನಲ್ಲಿ ಅದೆಲ್ಲ ತೆಗೆದು, ಅವರಿಬ್ಬರ ವರ್ಷಗಟ್ಟಲೆ ಸಂಸಾರವನ್ನೇ ಹೊಸದಾಗಿ ಬರೆದರು. ಕಂಟ್ರೋಲರ್ ತೆಗೆದ ಜಾಗ ಖಾಲಿ ಬೀಳುತ್ತದೆ, ಅಲ್ಲಿ ಬೇರೆ ಕಥೆ ತುಂಬಬೇಕು ಅಂತ ಅವರಿಗೆ ಗೊತ್ತಿತ್ತು. 'ಫುಲ್ ಮೂವಿ' ವಿಡಿಯೊದವರು ಆ ಜಾಗ ಖಾಲಿ ಬಿಡುತ್ತಾರೆ.

ಇನ್ನೊಂದು ಮಾತು, ನಮ್ಮ ಕೆಲಸದ ಕೋಣೆಯದು. ಜನರಿಂದ ಗೇಮ್ ಆಡಿಸುವಾಗ ನಾವು ಅವರ ಪರದೆಯನ್ನು ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಒಂದು ಸಲ ಒಬ್ಬ ಹುಡುಗ ಕೊನೆಯ ಬಾಗಿಲ ಮುಂದೆ ತುಂಬಾ ಹೊತ್ತು ನಿಂತಿದ್ದ. ರೆಕಾರ್ಡಿಂಗಲ್ಲಿ ಕಾಣುವುದು ಪಾತ್ರ ಸುಮ್ನೆ ನಿಂತಿರುವುದು. ದಾರಿ ಗೊತ್ತಾಗಲಿಲ್ಲವೋ, ಫೋನ್ ಬಂತೋ, ಯಾರಿಗೆ ಗೊತ್ತು? ಕೇಳಿದರೆ, 'ಒಳಗೆ ಹೋದರೆ ಮುಗಿದುಹೋಗುತ್ತೆ, ಅವಳ ಜೊತೆ ಇನ್ನೂ ಸ್ವಲ್ಪ ಹೊತ್ತು ಇರೋಣ ಅಂತ ನಿಂತಿದ್ದೆ' ಅಂದ. ಅವನ ಮಟ್ಟಿಗೆ ಕಥೆಯ ದೊಡ್ಡ ಭಾಗ ಅದೇ. ಎಡಿಟ್ ಮಾಡುವವರು ಮೊದಲು ಕತ್ತರಿಸುವುದೂ ಅದನ್ನೇ. ಇದಕ್ಕೇ ನಾವು ರೆಕಾರ್ಡಿಂಗ್ ಒಂದನ್ನೇ ನಂಬದೆ, ಆಡಿದವರನ್ನು ಕೂರಿಸಿ ಮಾತಾಡಿಸುತ್ತೇವೆ.

ಈಗ ನೀವು ಏನು ಮಾಡಬಹುದು?

ಎಲ್ಲಕ್ಕಿಂತ ಸುಲಭದ್ದು, ನೋಡಿ ಬರೆದಿದ್ದೇನೆ ಅಂತ ಲೇಖನದ ಮೊದಲಲ್ಲೇ ಹೇಳುವುದು. ಯಾವ ಥರದ ವಿಡಿಯೊ, ಎಷ್ಟು ಗಂಟೆಯದ್ದು ಅನ್ನುವುದೂ ಇರಲಿ. ಆಮೇಲೆ 'ಎಳೆದಾಡುತ್ತೆ' ಅನ್ನುವುದನ್ನು 'ನಾನು ನೋಡಿದ ಆರು ಗಂಟೆಯ ಜೋಡಣೆಯಲ್ಲಿ ನಡುವಿನ ಭಾಗ ನಿಧಾನ ಅನಿಸಿತು' ಅಂತ ಮಾಡಿ. ಹೀಗೆ ಬರೆದರೆ ಕೆಲವರು 'ಆಡಿಲ್ವಂತೆ' ಅಂತ ಮೊದಲ ಸಾಲಿಗೇ ಬಿಟ್ಟುಹೋಗುತ್ತಾರೆ. ಹೋಗಲಿ. ಮುಚ್ಚಿಟ್ಟು ಬರೆದು ಆಮೇಲೆ ಗೊತ್ತಾದರೆ ನೀವು ಸರಿಯಾಗಿ ಹೇಳಿದ್ದನ್ನೂ ಯಾರೂ ನಂಬುವುದಿಲ್ಲ.

ನೋಡುವುದನ್ನೇ ಸರಿಯಾಗಿ ನೋಡಬಹುದು. ಕಥೆಯ ಸಾರಾಂಶ ಹೇಳುವ ವಿಡಿಯೊಗಳನ್ನು ಮರೆತುಬಿಡಿ, ಅದು ನೋಡಿದ ಲೆಕ್ಕಕ್ಕೇ ಬರುವುದಿಲ್ಲ. ಮಾತಾಡುತ್ತಾ ಆಡುವವರ ವಿಡಿಯೊ ಮಜಾ ಇರುತ್ತದೆ, ಆದರೆ ಗೇಮ್ ಗಂಭೀರವಾದಾಗಲೆಲ್ಲ ಅವರೊಂದು ಜೋಕ್ ಹೊಡೆಯುತ್ತಾರೆ. ಆಗ ನೀವು ತೂಗುವುದು ಅವರನ್ನು. ಕಾಮೆಂಟರಿ ಇಲ್ಲದ, ಏನೂ ಕತ್ತರಿಸದ ವಿಡಿಯೊ ಹುಡುಕಿ. ಸ್ಪೀಡ್ ಹೆಚ್ಚಿಸಬೇಡಿ. ಆಯ್ಕೆ ಇರುವ ಗೇಮ್ ಆದರೆ ಇಬ್ಬರು ಬೇರೆ ಬೇರೆ ರೀತಿ ಆಡಿದ್ದನ್ನು ನೋಡಿ, ಇಲ್ಲದಿದ್ದರೆ ಒಬ್ಬನ ಆಯ್ಕೆಯನ್ನೇ ಕಥೆ ಅಂದುಕೊಳ್ಳುತ್ತೀರಿ. ಇದರ ಕಷ್ಟ ಏನೆಂದರೆ ಡೇಟಾ ಮತ್ತು ಹೊತ್ತು. ಜೊತೆಗೆ, ಮುಂದೆ ಎಂದಾದರೂ ಆಡುವ ಅವಕಾಶ ಸಿಕ್ಕರೆ ಮೊದಲ ಸಲದ ಖುಷಿ ಹೋಗಿರುತ್ತದೆ.

ಆಡುವುದೇ ಆದರೆ, ಪಾರ್ಟ್ 2 2025ರಲ್ಲಿ ಪಿ.ಸಿ.ಗೂ ಬಂದಿದೆ ಅಂತ ಯಾರಾದರೂ ಹೇಳುತ್ತಾರೆ. ಅಪ್ಪನ ಲೆಕ್ಕದ ಲ್ಯಾಪ್‌ಟಾಪ್ ಅದನ್ನು ಎಳೆಯುವುದಿಲ್ಲ, ಅದಕ್ಕೆ ಕೈ ಹಾಕಬೇಡಿ. 'ಕ್ರ್ಯಾಕ್' ಮಾಡಿದ, ಅಂದರೆ ಬೀಗ ಒಡೆದು ಪುಕ್ಕಟೆ ಹಂಚುವ ಗೇಮನ್ನಂತೂ ಹಾಕಲೇಬೇಡಿ. ಅದರ ಜೊತೆ ವೈರಸ್ ಬಂದು ಅಂಗಡಿಯ ಲೆಕ್ಕ ಹೋದರೆ ಮನೆಯಲ್ಲಿ ಗೇಮ್ ಅನ್ನುವ ಮಾತೇ ಎತ್ತುವ ಹಾಗಿರುವುದಿಲ್ಲ. ಗಂಟೆ ಲೆಕ್ಕದ ಗೇಮಿಂಗ್ ಸೆಂಟರ್‌ಗಳು ಫುಟ್ಬಾಲ್, ರೇಸಿಂಗ್‌ಗೆ ಸರಿ. ಕಥೆಯ ಗೇಮ್‌ಗೆ ಆಗುವುದಿಲ್ಲ. ನಾಳೆ ಹೋಗುವಷ್ಟರಲ್ಲಿ ನೀವು ಎಲ್ಲಿವರೆಗೆ ಆಡಿದ್ದಿರಿ ಅನ್ನುವ ಸೇವ್ ಮೇಲೆ ಇನ್ಯಾರೋ ಆಡಿರುತ್ತಾರೆ, ಹಿಂದೆ ಮೂರು ಜನ ಮಂಡಕ್ಕಿ ತಿನ್ನುತ್ತಾ 'ಎಡಕ್ಕೆ ಹೋಗು, ಎಡಕ್ಕೆ' ಅನ್ನುತ್ತಿರುತ್ತಾರೆ.

ನಿಮ್ಮ ಫೋನೇ ಸಾಕಾಗುವ ಗೇಮ್‌ಗಳಿವೆ. 'ಪೇಪರ್ಸ್, ಪ್ಲೀಸ್' 2022ರಿಂದ ಫೋನಿಗೂ ಇದೆ. 2018ರ 'ಫ್ಲಾರೆನ್ಸ್' ಅನ್ನುವುದನ್ನು ಒಂದು ಸಂಜೆಯಲ್ಲಿ ಮುಗಿಸಬಹುದು. ಒಬ್ಬ ಹುಡುಗಿಗೆ ಪ್ರೀತಿಯಾಗಿ, ಮುರಿದುಹೋಗುವ ಕಥೆ. ಅದರಲ್ಲಿ ಮಾತಾಡಬೇಕಾದರೆ ತುಂಡುಗಳನ್ನು ಜೋಡಿಸಿ ಮಾತಿನ ಗುಳ್ಳೆ ಮಾಡಬೇಕು. ಮೊದಲ ಭೇಟಿಯಲ್ಲಿ ತುಂಡು ತುಂಬಾ, ತಡವರಿಸುತ್ತೀರಿ. ಸಲಿಗೆ ಬೆಳೆದಂತೆ ತುಂಡು ಕಡಿಮೆಯಾಗುತ್ತಾ, ಮಾತು ಸಲೀಸಾಗುತ್ತದೆ. ಜಗಳ ಬಂದಾಗ ಅವೇ ತುಂಡುಗಳಿಗೆ ಚೂಪು ಮೂಲೆ ಬಂದಿರುತ್ತದೆ. ಮೊದಲು ಇದರ ವಿಡಿಯೊ ನೋಡಿ, ಏನನಿಸಿತು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಆಡಿ, ಮತ್ತೆ ಬರೆಯಿರಿ. ನೋಡುವುದಕ್ಕೂ ಆಡುವುದಕ್ಕೂ ಏನು ವ್ಯತ್ಯಾಸ ಅಂತ ನಾನಾಗಲಿ ನಿಮ್ಮ ಅಣ್ಣನಾಗಲಿ ಹೇಳುವುದಕ್ಕಿಂತ ಅದು ಚೆನ್ನಾಗಿ ಹೇಳುತ್ತದೆ. ಮುಂದೆ ಕಂಪ್ಯೂಟರ್‌ನಲ್ಲಿ ದುಡ್ಡು ಕೊಟ್ಟು ತಗೊಳ್ಳುವ ಕಾಲ ಬಂದರೆ, ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತಗೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು ಅನ್ನುವುದು ನೆನಪಿರಲಿ.

ಸಣ್ಣ ತಂಡಗಳ ಗೇಮ್‌ಗಳ ವಿಷಯದಲ್ಲಿ ಒಂದು ಕೋರಿಕೆ. ಕ್ಯಾನ್ಸರ್ ಬಂದ ತಮ್ಮ ಮಗುವಿನ ಬಗ್ಗೆ ಒಂದು ದಂಪತಿ ಗೆಳೆಯರ ಜೊತೆ ಸೇರಿ 'ದಟ್ ಡ್ರ್ಯಾಗನ್, ಕ್ಯಾನ್ಸರ್' ಅನ್ನುವ ಗೇಮ್ ಮಾಡಿದರು. 2016ರಲ್ಲಿ ಅದು ಬಂದಾಗ ತುಂಬಾ ಜನ ವಿಡಿಯೊದಲ್ಲೇ ಪೂರ್ತಿ ನೋಡಿ ಕಣ್ಣೀರು ಹಾಕಿದರು, ಕೊಂಡವರು ಕಡಿಮೆ. ಇದು ತಮಗೆ ಪೆಟ್ಟು ಕೊಟ್ಟಿತು ಅಂತ ಮಾಡಿದವರೇ ಬರೆದುಕೊಂಡರು. ಗೇಮ್ ಚಿಕ್ಕದು, ದಾರಿ ಒಂದೇ, ಹಾಗಾಗಿ ನೋಡಿದರೇ ಸಾಕು ಅಂತ ಜನರಿಗೆ ಅನಿಸಿತು. ಇಂಥದ್ದು ಇಷ್ಟವಾದರೆ ರಿಯಾಯಿತಿ ಬಂದಾಗ ಆದರೂ ಒಂದು ಕೊಂಡುಕೊಳ್ಳಿ.

ಕೊನೆಯ ದಾರಿ ನಿಮ್ಮ ಅಣ್ಣನ ಮನೆ. ನಕ್ಕವನ ಹತ್ತಿರ ಕೇಳುವುದಾ ಅನಿಸಬಹುದು. ಕೇಳಿ. ಪಾರ್ಟ್ 2ರಲ್ಲಿ ಮುಗಿಸಿದ ಆಟದ ಬೇಕಾದ ಅಧ್ಯಾಯಕ್ಕೆ ನೇರ ಹೋಗುವ ಅನುಕೂಲ ಇದೆ, ಆದ್ದರಿಂದ 25 ಗಂಟೆ ಬೇಕಾಗಿಲ್ಲ. ಗುರಿ ಹಿಡಿಯಲು ಬರುವುದಿಲ್ಲ ಅನ್ನುವ ಭಯವೂ ಬೇಡ. ಕಣ್ಣು, ಕಿವಿ, ಕೈ ಸರಿಯಿಲ್ಲದವರೂ ಆಡಲಿ ಅಂತ ಅದರಲ್ಲಿ 60ಕ್ಕೂ ಹೆಚ್ಚು ಸೆಟ್ಟಿಂಗ್ ಕೊಟ್ಟಿದ್ದಾರೆ. ಗುರಿಯನ್ನು ಅದೇ ಹಿಡಿಯುವ ಹಾಗೆ ಮಾಡಿಕೊಳ್ಳಬಹುದು, ಹೊಡೆದಾಟ ಹಗುರ ಮಾಡಿಕೊಳ್ಳಬಹುದು. ಎಲ್ಲೀಯಾಗಿ ಸಿಯಾಟಲ್‌ನ ಒಂದು ದಿನ, ಆಲಿಸ್ ಬರುವ ಎರಡೂ ಕಡೆ, ಥಿಯೇಟರ್‌ನ ಜಗಳ, ಕೊನೆಯ ಗಿಟಾರ್. ಒಂದು ಭಾನುವಾರ ಸಾಕು. ನೀವು ಆಡುವಾಗ ಅಣ್ಣ ಪಕ್ಕದಲ್ಲಿ ಕೂತು ಬರೀ ನೋಡಲಿ, ಅವನಿಗೂ ಅದೊಂದು ಹೊಸ ಅನುಭವ. ಆ್ಯಬಿಯ ಬಗ್ಗೆ ನಿಮ್ಮ ಮಾತು ಆಮೇಲೂ ಬದಲಾಗದಿದ್ದರೆ ಹಾಗೇ ಅಚ್ಚಿಗೆ ಕಳಿಸಿ. ಹೋಗುವಾಗ ಇಯರ್‌ಫೋನ್ ತಗೊಂಡು ಹೋಗಿ, ಕಂಟ್ರೋಲರ್‌ಗೇ ಸಿಕ್ಕಿಸಬಹುದು. ಕಾವಲಿನವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವುದು ಟಿವಿ ಸ್ಪೀಕರ್‌ನಲ್ಲಿ ಮಳೆಯ ಸದ್ದಿಗೆ ಸರಿಯಾಗಿ ಕೇಳುವುದಿಲ್ಲ.